ಗೋಳಗುಮ್ಮಟದ ಅರ್ಥ: ಕೆಲವು ರೂಢಿಯ ಅಭಿಪ್ರಾಯಗಳ ವಿಮರ್ಶೆ

ಬಿಜಾಪುರದ ಗೋಳಗುಮ್ಮಟವನ್ನು ಕುರಿತು ನಮ್ಮ ಪಠ್ಯಪುಸ್ತಕಗಳೂ ಪ್ರವಾಸಿಗಳ ಕೈಪಿಡಿಗಳೂ ಹೇಳುವ ಮಾತುಗಳು ನಾಲ್ಕೈದಕ್ಕೆ ಮೀರಿಲ್ಲ. ಅದು ಜಗತ್ತಿನಲ್ಲಿಯೇ ಎರಡನೆಯ ದೊಡ್ಡ ಗುಮ್ಮಟ. ಅದರೊಳಗೆ ಕೂಗಿದ ಮಾತು ಏಳು ಸಲ ಮರುದನಿಗೊಡುತ್ತದೆ. ಅದನ್ನು ಕಟ್ಟಿಸಿದ ಮಹಮ್ಮದ ಆದಿಲಶಾಹನು ತಂದೆಯ ಸಮಾಧಿಯನ್ನು ಮೀರಿಸಬೇಕೆಂದು ಹಟ ತೊಟ್ಟಿದ್ದನು. ರಂಭೆಯೆಂಬ ನರ್ತಕಿ ಅದರ ಮೊಗಸಾಲೆಯಿಂದ ಧುಮುಕಿ ಪ್ರಾಣಬಿಟ್ಟಳು. ಬಿ.ಎ. ತರಗತಿಯ ಉತ್ತರಪತ್ರಿಕೆಗಳಲ್ಲಿ ಈ ವಾಕ್ಯಗಳು ವರ್ಷವರ್ಷವೂ ಹೆಚ್ಚು ಕಡಮೆ ಇದೇ ಕ್ರಮದಲ್ಲಿ ಬರುತ್ತವೆ. ವಿದ್ಯಾರ್ಥಿಗಳು ಓದಿದುದನ್ನೇ ಬರೆಯುವರಾದುದರಿಂದ ಅವರನ್ನು ದೂರುವಂತಿಲ್ಲ. ಆದರೆ ಈ ನಾಲ್ಕು ಮಾತುಗಳಲ್ಲಿ ಒಂದು ತಪ್ಪು, ಒಂದು ಅರ್ಧಸತ್ಯ, ಒಂದು ಊಹೆ, ಇನ್ನೊಂದು ಐತಿಹ್ಯ. ಇವುಗಳನ್ನು ಬದಿಗಿಟ್ಟ ಮೇಲೆ ಕಟ್ಟಡವನ್ನು ಕುರಿತು ಹೇಳಲು ಏನು ಉಳಿಯುತ್ತದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ನಗರದ ಹೆಸರು 2014ರಿಂದ ವಿಜಯಪುರವೆಂದು ಮಾರ್ಪಟ್ಟಿದೆಯಾದರೂ ಆದಿಲಶಾಹಿ ಕಾಲದ ಪ್ರಸಂಗಗಳಲ್ಲಿ ಬಿಜಾಪುರವೆಂಬ ಹೆಸರನ್ನೇ ಇಲ್ಲಿ ಬಳಸಿದೆ.

ಮೊದಲು ಅಳತೆಯ ಪ್ರಶ್ನೆ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರು. ಒಳವ್ಯಾಸ ಸುಮಾರು 37.9 ಮೀಟರು. ಗೋಡೆಯ ದಪ್ಪವೇ ಬುಡದಲ್ಲಿ 3 ಮೀಟರಿನಷ್ಟಿರುವುದರಿಂದ ಈ ಎರಡು ಅಂಕಿಗಳ ನಡುವೆ ಇಷ್ಟು ಅಂತರ ಬಂದಿದೆ. ರೋಮಿನಲ್ಲಿ ಕ್ರಿ.ಶ. 2ನೆಯ ಶತಮಾನದಲ್ಲಿ ಎದ್ದ ಪ್ಯಾಂಥಿಯನ್ನಿನ ಒಳವ್ಯಾಸ 43 ಮೀಟರಿಗೂ ಹೆಚ್ಚು. ಅದೇ ನಗರದ ಸೇಂಟ್ ಪೀಟರ್ ಇಗರ್ಜಿಯದು 41 ಮೀಟರನ್ನು ಮೀರುತ್ತದೆ. ಫ್ಲಾರೆನ್ಸಿನಲ್ಲಿ ಬ್ರೂನೆಲೆಸ್ಕಿಯು 1436ರಲ್ಲಿ ಮುಗಿಸಿದ ಅಷ್ಟಕೋನದ ಗುಮ್ಮಟವೂ ನಮ್ಮದಕ್ಕಿಂತ ದೊಡ್ಡದು. 20ನೆಯ ಶತಮಾನದ ಕಾಂಕ್ರೀಟು ಗುಮ್ಮಟಗಳ ಮಾತಂತೂ ಬೇರೆಯೇ: 1913ರಲ್ಲಿ ಬ್ರೆಸ್ಲಾವಿನಲ್ಲಿ ಕಟ್ಟಿದ ಸಭಾಂಗಣದ ವ್ಯಾಸ 65 ಮೀಟರು. ಹೀಗಿರುವಾಗ 'ಎರಡನೆಯ ದೊಡ್ಡ' ಎಂಬ ಪಟ್ಟವು ಎಲ್ಲಿಂದ ಬಂದಿತು? ಗೋಳಗುಮ್ಮಟದ ಹೊರ ಅಳತೆಯನ್ನು ಬೇರೆ ಗುಮ್ಮಟಗಳ ಒಳ ಅಳತೆಯೊಡನೆ ಹೋಲಿಸಿದರೆ ಮಾತ್ರ ಇಂಥ ಪಟ್ಟಿ ತಯಾರಾಗಲು ಸಾಧ್ಯ. ಒಂದು ಮನೆಯ ಹೊರಗೋಡೆಯನ್ನೂ ಇನ್ನೊಂದು ಮನೆಯ ಕೋಣೆಯನ್ನೂ ಅಳೆದು ಯಾವುದು ದೊಡ್ಡದೆಂದು ತೀರ್ಪು ಕೊಟ್ಟಂತೆ ಇದು.

ಇದಕ್ಕಿಂತ ಹೆಚ್ಚು ಆಧಾರವುಳ್ಳ ಇನ್ನೊಂದು ಹೋಲಿಕೆಯಿದೆ. ಅದು ನಮ್ಮ ಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕಟ್ಟಡದ ಒಳಗಣ ಹಜಾರವು ಚೌಕಾಕಾರದ್ದು. ಪ್ರತಿಯೊಂದು ಪಕ್ಕವೂ 135 ಅಡಿಗಳಿಗೆ ತುಸು ಹೆಚ್ಚು, ಎಂದರೆ 41 ಮೀಟರು. ಒಂದೇ ಗುಮ್ಮಟದ ಕೆಳಗೆ, ನಡುವೆ ಒಂದು ಕಂಬವೂ ಇಲ್ಲದೆ, ಹೀಗೆ ಸುಮಾರು 1,700 ಚದರ ಮೀಟರು ನೆಲವು ಆವೃತವಾಗಿದೆ. ಪ್ಯಾಂಥಿಯನ್ನಿನ ವರ್ತುಲಾಕಾರದ ನೆಲ ಸುಮಾರು 1,470 ಚದರ ಮೀಟರು. ಗುಮ್ಮಟವು ಚಿಕ್ಕದಾಗಿದ್ದರೂ ಅದರ ಕೆಳಗಣ ನೆಲವು ದೊಡ್ಡದು! ಜೇಮ್ಸ್ ಫರ್ಗುಸನ್ನನಂತಹ ಕಟ್ಟಡ ಚರಿತ್ರಕಾರನು 19ನೆಯ ಶತಮಾನದಲ್ಲಿ ಬಿಜಾಪುರವನ್ನು ಮೆಚ್ಚಿಕೊಂಡುದಕ್ಕೆ ಕಾರಣ ಈ ವೈಚಿತ್ರ್ಯವೇ. ವ್ಯಾಸಗಳ ಪಂದ್ಯದಲ್ಲಿ ನಾಲ್ಕನೆಯ ಸ್ಥಾನವೋ ಐದನೆಯ ಸ್ಥಾನವೋ ಎಂಬ ಪ್ರಶ್ನೆಗಿಂತ, ಕಿರಿದಾದ ಗುಮ್ಮಟವೊಂದು ಹಿರಿದಾದ ಚೌಕವನ್ನು ಹೇಗೆ ಮುಚ್ಚಿತು ಎಂಬ ಪ್ರಶ್ನೆಯು ಚರಿತ್ರೆಯ ವಿದ್ಯಾರ್ಥಿಗೆ ಹೆಚ್ಚು ಉಪಯುಕ್ತವಾದುದು.

ಉತ್ತರವು ಕಮಾನುಗಳಲ್ಲಿದೆ. ಹಜಾರದ ನಾಲ್ಕು ಗೋಡೆಗಳಿಂದ ಎಂಟು ದೊಡ್ಡ ಕಮಾನುಗಳು ಮೇಲೇಳುತ್ತವೆ. ಇವು ಒಂದನ್ನೊಂದು ಹಾಯ್ದು ಹೋಗುವಂತೆ ಜೋಡಣೆಗೊಂಡಿವೆ. ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಅರ್ಧ ತಿರುಗಿಸಿ ಇಟ್ಟರೆ ನೆಲದ ಮೇಲೆ ಎಂಟು ಮೊನೆಗಳ ನಕ್ಷತ್ರವು ಮೂಡುವುದಷ್ಟೆ. ಆ ರೇಖಾಕೃತಿಯನ್ನೇ ಆಕಾಶಕ್ಕೆತ್ತಿ ನಿಲ್ಲಿಸಿದಂತೆ ಈ ಕಮಾನುಗಳ ವಿನ್ಯಾಸ. ಅವುಗಳ ನಡುವಣ ತ್ರಿಕೋನದ ಎಡೆಗಳು ಒಳಕ್ಕೆ ಬಾಗುತ್ತ ಬಂದು, ಚೌಕವು ಅಷ್ಟಕೋನವಾಗಿ, ಅಷ್ಟಕೋನವು ವರ್ತುಲವಾಗಿ ಮಾರ್ಪಡುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಕಮಾನುಗಳು ಬಿಟ್ಟುಕೊಟ್ಟ ವರ್ತುಲದ ತೆರವು ಗುಮ್ಮಟದ ವ್ಯಾಸಕ್ಕಿಂತ ಕಿರಿದು. ಗುಮ್ಮಟವು ತೆರವಿನ ಅಂಚಿನಲ್ಲಿ ಕುಳಿತಿಲ್ಲ. ಸಾಕಷ್ಟು ಹಿಂದಕ್ಕೆ ಸರಿದು ಕುಳಿತಿದೆ. ಹಿಂದೆ ಸರಿದುದರಿಂದ ಉಳಿದ ಜಾಗವೇ ಪಿಸುಮಾತಿನ ಮೊಗಸಾಲೆ, ಅಗಲ 3 ಮೀಟರಿಗೂ ಹೆಚ್ಚು. ಹೀಗೆ ಒಳಕ್ಕೆ ಜೋತುಬಿದ್ದಿರುವ ಕಟ್ಟಡದ ಭಾರವು ಗುಮ್ಮಟವು ಹೊರಕ್ಕೆ ಒತ್ತುವ ಒತ್ತಡವನ್ನು ತಡೆದು ಸಮತೂಕಕ್ಕೆ ತರುತ್ತದೆಂದು ಫರ್ಗುಸನ್ನನ ವಿವರಣೆ. ಗುಮ್ಮಟವನ್ನು ಇಟ್ಟಿಗೆಯ ಸಮತಲ ವರಸೆಗಳಲ್ಲಿ, ದಪ್ಪನಾದ ಗಾರೆಯನ್ನು ಹಾಕುತ್ತ ಕಟ್ಟಿರುವರು. ಗಾರೆಯು ಒಣಗಿ ಬಿಗಿದುಕೊಂಡ ಬಳಿಕ ಇಡಿಯ ಚಿಪ್ಪು ಒಂದೇ ಬಂಡೆಯಂತಾಗಿರುವುದರಿಂದ ಆ ಒತ್ತಡವೂ ಬಹು ಕಡಮೆಯಾಗಿರಬೇಕು. ಒಟ್ಟಿನಲ್ಲಿ ಬಿಜಾಪುರದ ಕುಶಲಿಗಳು ನಂಬಿದುದು ಎರಡನ್ನು: ಹಾಯ್ದು ಹೋಗುವ ಕಮಾನು ಮತ್ತು ಸುಣ್ಣದ ಗಾರೆ.

ಈ ನಂಬಿಕೆಯು ಒಂದು ದಿನದಲ್ಲಿ ಹುಟ್ಟಿದುದಲ್ಲ. 1ನೆಯ ಅಲಿ ಆದಿಲಶಾಹನ (1558-1580) ಕಾಲದಲ್ಲಿ ಪ್ರಾರಂಭವಾದ ಜಾಮಿ ಮಸೀದಿಯ ಗುಮ್ಮಟವನ್ನು ಹೊತ್ತಿರುವುದೂ ಇದೇ ಬಗೆಯ ಕಮಾನುಗಳೇ. ಪ್ರವಾಸಿಗರು ಗೋಳಗುಮ್ಮಟವನ್ನು ಆಕಸ್ಮಿಕವಾಗಿ ಭೂಮಿಯಿಂದೆದ್ದ ಅದ್ಭುತವೆಂಬಂತೆ ಕಾಣುವುದು ಸಹಜ. ಆದರೆ ಅಧ್ಯಾಪಕರೂ ಹಾಗೆಯೇ ಕಾಣುವುದಾದರೆ ಅಲ್ಲಿ ಚರಿತ್ರೆಗೆ ಕೆಲಸವಿಲ್ಲದಂತಾಗುತ್ತದೆ. ಸುಮಾರು ಮೂರು ತಲೆಮಾರುಗಳ ಕಾಲ ಒಂದು ಊರಿನ ಕಲ್ಲುಕುಟಿಗರೂ ಗಾರೆಯವರೂ ಕೈಯಿಂದ ಕೈಗೆ ದಾಟಿಸಿದ ವಿದ್ಯೆಯ ಕೊನೆಯ ಮೆಟ್ಟಿಲು ಅದು.

ಕುಶಲಿಗಳ ಮಾತು ಬಂದುದರಿಂದ ಒಂದು ಹೆಸರನ್ನು ಪರೀಕ್ಷಿಸಬೇಕಾಗಿದೆ. ಗೋಳಗುಮ್ಮಟದ ಶಿಲ್ಪಿಯು ದಾಬೋಲದ ಯಾಕೂತನೆಂದು ಅನೇಕ ಪುಸ್ತಕಗಳು ನಿಸ್ಸಂದೇಹವಾಗಿ ಬರೆಯುತ್ತವೆ. ಯಾಕೂತನ ಹೆಸರು ದೊರೆಯುವುದು ಜಾಮಿ ಮಸೀದಿಯ ಮಿಹ್ರಾಬಿನ ಬರಹದಲ್ಲಿ. ಬಂಗಾರದ ಬಣ್ಣದಿಂದ ಥಳಥಳಿಸುವ ಆ ಅಲಂಕಾರವು ಮಹಮ್ಮದನ ಆಳ್ವಿಕೆಯಲ್ಲಿ, ಹಿಜರಿ 1045ರಲ್ಲಿ, ಎಂದರೆ 1636ರ ಸುಮಾರಿನಲ್ಲಿ ಆದುದು. ಗೋಳಗುಮ್ಮಟದ ಬಾಗಿಲ ಮೇಲಿನ ಬರಹವು ಯಾವ ಕುಶಲಿಯನ್ನೂ ಹೆಸರಿಸುವುದಿಲ್ಲ. ಒಂದೇ ದೊರೆಯ ಕಾಲದವನೆಂಬ ಕಾರಣದಿಂದ ಮಿಹ್ರಾಬಿನ ಚಿತ್ತಾರಿಗನನ್ನು ಗುಮ್ಮಟದ ಶಿಲ್ಪಿಯನ್ನಾಗಿ ಮಾಡಿರುವಂತೆ ತೋರುತ್ತದೆ. ಅಲಂಕಾರವು ಬೇರೆ, ಭಾರವನ್ನು ಹೊರಿಸುವ ಲೆಕ್ಕವು ಬೇರೆ.

ಕಾಲನಿರ್ಣಯದಲ್ಲಿಯೂ ಇಂಥದೇ ಅವಸರವು ಕಾಣುತ್ತದೆ. 'ಕಟ್ಟಿದುದು 1656' ಎಂದು ಬರೆಯುವುದು ವಾಡಿಕೆ. ದಕ್ಷಿಣದ ಬಾಗಿಲ ಮೇಲೆ ಪಾರಸಿ ಭಾಷೆಯಲ್ಲಿ ಮೂರು ವಾಕ್ಯಖಂಡಗಳಿವೆ. ಒಂದೊಂದರ ಅಕ್ಷರಗಳ ಸಂಖ್ಯೆಯನ್ನು ಕೂಡಿಸಿದರೂ ಹಿಜರಿ 1067 ಬರುತ್ತದೆ. ಅದು 1656ರ ಅಕ್ಟೋಬರಿನಲ್ಲಿ ಮೊದಲಾಗುವ ವರ್ಷ. ಆದರೆ ಮೂರು ಖಂಡಗಳೂ ಹೇಳುವುದು ಸುಲ್ತಾನನು ಪರಲೋಕವನ್ನು ಸೇರಿದ ಸಂಗತಿಯನ್ನು. ಕಟ್ಟಡವು ಮುಗಿದ ವಿಚಾರವು ಅಲ್ಲಿಲ್ಲ. ದೊರೆ ಸತ್ತ ವರ್ಷವೇ ಕಟ್ಟಡದ ವರ್ಷವಾಗಿ ನಮ್ಮ ಪುಸ್ತಕಗಳನ್ನು ಸೇರಿದೆ. ವಾಸ್ತವವಾಗಿ ಕಟ್ಟಡವು ಮುಗಿದೇ ಇಲ್ಲ. ಒಳಗೋಡೆಗಳ ಗಿಲಾವು ಪೂರ್ಣವಾಗಲಿಲ್ಲ. ಆದುದರಿಂದ 1656ನ್ನು ಕೆಲಸವು ನಿಂತ ವರ್ಷವೆಂದು ತಿಳಿಯುವುದೇ ಹೆಚ್ಚು ಯುಕ್ತವೆನಿಸುತ್ತದೆ.

ಇನ್ನು ಕಟ್ಟಿಸಿದವನ ಉದ್ದೇಶದ ವಿಚಾರ. 1916ರಲ್ಲಿ ಪ್ರಕಟವಾದ ಹೆನ್ರಿ ಕಸಿನ್ಸನ ಬಿಜಾಪುರದ ಗ್ರಂಥವು ಇಂದಿಗೂ ನಮಗೆ ಆಧಾರವಾಗಿರುವ ಗ್ರಂಥ. ಅದರ ಅಳತೆಗಳ ಮುಂದೆ ತಲೆಬಾಗಲೇಬೇಕು. ಆದರೆ ಅಲ್ಲಿಂದ ಹೊರಟ ಒಂದು ಊಹೆಯು ಈಗ ಸಿದ್ಧಾಂತದ ಗದ್ದುಗೆಯನ್ನೇರಿದೆ. ತಂದೆಯಾದ 2ನೆಯ ಇಬ್ರಾಹಿಮನ ಸಮಾಧಿಯಾದ ಇಬ್ರಾಹಿಂ ರೋಜಾದ ಕುಸುರಿಯನ್ನು ಮೀರಿಸುವುದು ಅಸಾಧ್ಯವೆಂದು ಕಂಡು ಮಹಮ್ಮದನು ಗಾತ್ರದಿಂದಲಾದರೂ ಅದನ್ನು ಕುಬ್ಜವಾಗಿಸಲು ಹೊರಟನೆಂಬುದೇ ಆ ಊಹೆ. ಇದರಲ್ಲಿ ಎರಡು ದೋಷಗಳಿವೆ. ಸುಲ್ತಾನನ ಮನಸ್ಸನ್ನು ಕಲ್ಲಿನಿಂದ ಓದುವುದು ಒಂದು. ಇಬ್ರಾಹಿಂ ರೋಜಾವನ್ನು ಬರಿಯ ಕುಸುರಿಯೆಂದು ಭಾವಿಸುವುದು ಇನ್ನೊಂದು. ರೋಜಾದ ಗೋಡೆಗಳ ಮೇಲಿನ ಬರಹಗಳೂ ಜಾಲಂಧ್ರಗಳೂ ಕಣ್ಣನ್ನು ಸೆಳೆಯುತ್ತವೆ ನಿಜ. ಆದರೆ ಗೋರಿಗಳಿರುವ ಕೋಣೆಯ ಮೇಲೆ ಸುಮಾರು 40 ಅಡಿ ಚದರದ ಸಮತಲದ ಕಲ್ಲಿನ ಮಾಳಿಗೆಯು ಕೆಳಗೆ ಕಂಬವಿಲ್ಲದೆ ನಿಂತಿದೆ. ಕಲ್ಲಿನ ಚಪ್ಪಡಿಗಳನ್ನು ಹಿಡಿದಿರುವುದು ಬಹುಪಾಲು ಗಾರೆಯ ಬಿಗಿ. ತಂದೆಯ ಸಮಾಧಿಯನ್ನು ಕಟ್ಟಿದವರೂ ಮಗನ ಸಮಾಧಿಯನ್ನು ಕಟ್ಟಿದವರೂ ಒಂದೇ ಸಾಹಸದ ಎರಡು ಮುಖಗಳನ್ನು ತೋರಿಸಿದರೆನ್ನಬೇಕು. ಹಾಗೆ ನೋಡಿದರೆ ರೋಜಾದ ಬರಹವೇ ಹೆಚ್ಚು ಆಡಂಬರದ್ದು: ಅದು ಮೇಲ್ವಿಚಾರಕನಾದ ಮಲಿಕ್ ಸಂದಲನನ್ನು ಹೆಸರಿಸಿ, ಒಂದೂವರೆ ಲಕ್ಷಕ್ಕೂ ಮಿಕ್ಕ ಹೊನ್ನಿನ ವೆಚ್ಚವನ್ನೂ ಲೆಕ್ಕ ಹೇಳುತ್ತದೆ. ಅಹಂಕಾರದ ಆರೋಪವನ್ನು ಹೊತ್ತ ಮಗನ ಬಾಗಿಲ ಮೇಲೆ ಒಂದು ಕಾಸಿನ ಲೆಕ್ಕವೂ ಇಲ್ಲ.

ತಂದೆಮಕ್ಕಳ ಪೈಪೋಟಿಯನ್ನು ಬಿಟ್ಟು ಆ ಕಾಲದ ರಾಜಕೀಯವನ್ನು ನೋಡುವುದು ಹೆಚ್ಚು ಫಲಕಾರಿ. ಮಹಮ್ಮದನು 1627ರಲ್ಲಿ ಪಟ್ಟಕ್ಕೆ ಬಂದಾಗ ಇನ್ನೂ ಹದಿಹರೆಯದವನು. ಅಹಮದನಗರದ ನಿಜಾಮಶಾಹಿಯು ಮೊಗಲರ ಏಟಿಗೆ ಕುಸಿಯುತ್ತಿತ್ತು. 1636ರಲ್ಲಿ ಮೊಗಲ ಸೈನ್ಯವು ಬಿಜಾಪುರದ ರಾಜ್ಯವನ್ನೇ ಹೊಕ್ಕಿತು; ಊರಿನವರು ಶಹಾಪುರದ ಕೆರೆಯ ಕಟ್ಟೆಯನ್ನು ಒಡೆದು ಸುತ್ತಲ ನೆಲವನ್ನು ನೀರಿನಲ್ಲಿ ಮುಳುಗಿಸಿ ರಾಜಧಾನಿಯನ್ನು ಉಳಿಸಿಕೊಂಡರು. ಅದೇ ವರ್ಷದ ಕೌಲಿನಂತೆ ಮಹಮ್ಮದನು ಶಹಜಹಾನನ ಮೇಲಧಿಕಾರವನ್ನೊಪ್ಪಿ 20 ಲಕ್ಷ ರೂಪಾಯಿಗಳ ಕಾಣಿಕೆಯನ್ನು ಕೊಡಬೇಕಾಯಿತು. ಪ್ರತಿಯಾಗಿ ನಿಜಾಮಶಾಹಿಯ ಒಂದು ಭಾಗವು ಅವನಿಗೆ ಸಂದಿತು. ಉತ್ತರದ ಗಡಿ ಶಾಂತವಾಯಿತು. ಅವನ ಸೈನ್ಯವು ದಕ್ಷಿಣಕ್ಕೆ ಮುಖ ಮಾಡಿತು. ರಣದುಲ್ಲಾಖಾನನು ಇಕ್ಕೇರಿಯ ವೀರಭದ್ರ ನಾಯಕನ ಮೇಲೆ ದಂಡೆತ್ತಿದುದು, 1638ರಲ್ಲಿ ಬೆಂಗಳೂರು ಕೈವಶವಾಗಿ ಶಹಾಜಿಗೆ ಜಹಗೀರಾದುದು, ದಶಕದೊಳಗೆ ಜಿಂಜಿಯವರೆಗೂ ಆದಿಲಶಾಹಿ ಬಾವುಟವು ಹೋದುದು, ಇವೆಲ್ಲ ಕನ್ನಡ ನಾಡಿನ ಚರಿತ್ರೆಯ ಪರಿಚಿತ ಅಧ್ಯಾಯಗಳು. ವಿಸ್ತಾರದಲ್ಲಿ ರಾಜ್ಯವು ತನ್ನ ಪರಮಾವಧಿಯನ್ನು ಮುಟ್ಟಿದುದೂ, ಸ್ವಾತಂತ್ರ್ಯದಲ್ಲಿ ಕುಗ್ಗಿದುದೂ ಒಂದೇ ಕಾಲದಲ್ಲಿ. ಗೋಳಗುಮ್ಮಟವು ಎದ್ದುದು ಈ ಇಬ್ಬಂದಿಯ ವರ್ಷಗಳಲ್ಲಿ.

ಆದುದರಿಂದ ಅದನ್ನು ಅವನತಿಯ ಚಿಹ್ನೆಯೆಂದು ಕೆಲವರೂ ವೈಭವದ ಚಿಹ್ನೆಯೆಂದು ಕೆಲವರೂ ವರ್ಣಿಸುವುದು ಒಂದೇ ನಾಣ್ಯದ ಒಂದೊಂದೇ ಮುಖವನ್ನು ಓದಿದಂತೆ. ಇಕ್ಕೇರಿಯ ನಾಯಕರಿಂದಲೂ ಬೆಂಗಳೂರಿನ ಗೌಡರಿಂದಲೂ ಬಂದ ಹಣವು ಈ ಗಾರೆಯಲ್ಲಿ ಬೆರೆತಿರಬೇಕೆಂಬುದು ನನ್ನ ಅನುಮಾನ. ಅದು ಅನುಮಾನವೇ ಹೊರತು ಶಾಸನವಲ್ಲ; ಆದರೂ ಗುಮ್ಮಟವನ್ನು ಕನ್ನಡಿಗರ ಹೆಮ್ಮೆಯೆಂದು ಭಾಷಣ ಮಾಡುವವರು ಆ ಹೆಮ್ಮೆಯ ವೆಚ್ಚದಲ್ಲಿ ಕನ್ನಡ ನಾಡಿನ ಇತರ ಭಾಗಗಳ ಪಾಲೆಷ್ಟೆಂದು ಒಮ್ಮೆ ಯೋಚಿಸಬಹುದು. ಹಾಗೆಯೇ ಅದನ್ನು ಪರಕೀಯರ ಕಟ್ಟಡವೆಂದು ದೂರವಿಡುವವರು, ಕಲ್ಲು ಹೊತ್ತವರೂ ಸುಣ್ಣ ಅರೆದವರೂ ಯಾವ ಊರಿನವರೆಂದು ಯೋಚಿಸಬಹುದು.

ಇದೇ ದೊರೆಯ ಕಾಲದಲ್ಲಿ, 1651ರಲ್ಲಿ, ಬೇಗಂ ತಲಾಬ್ ಎಂಬ ಕೆರೆಯನ್ನು ಕಟ್ಟಿ ನಗರಕ್ಕೆ ನೀರು ತಂದರು. ನೀರಿನ ಕೊರತೆಯ ಊರಿಗೆ ಅದು ಗುಮ್ಮಟಕ್ಕಿಂತ ಹೆಚ್ಚಿನ ಉಪಕಾರವಾಗಿದ್ದಿತು. ಆದರೆ ಕೆರೆಯನ್ನು ನೋಡಲು ಹೋಗುವವರು ವಿರಳ.

ಹೆಸರಿನ ಮಾತನ್ನೂ ಇಲ್ಲಿ ಹೇಳಬಹುದು. ತಂದೆಯ ಸಮಾಧಿಗೆ ತಂದೆಯ ಹೆಸರೇ ಉಳಿಯಿತು. ಮಗನದಕ್ಕೆ ಆಕಾರದ ಹೆಸರು ಬಂದಿತು: ಗೋಲವಾದ ಗುಮ್ಮಟ, ಅಷ್ಟೆ. ಮಾತಾಡುವ ಗುಮ್ಮಟವೆಂಬ ಅರ್ಥದಲ್ಲಿ 'ಬೋಲ್ ಗುಂಬದ್' ಎನ್ನುವವರೂ ಉಂಟು. ಕಟ್ಟಿಸಿದವನ ಹೆಸರನ್ನು ಕಟ್ಟಡದ ದೇಹವೇ ನುಂಗಿಹಾಕಿದೆ. ಒಳಗಿನ ಜಗಲಿಯ ಮೇಲೆ ಕಾಣುವ ಗೋರಿಗಳು ಗುರುತಿಗಾಗಿ ಮಾತ್ರ ಇರುವಂಥವು. ನಿಜವಾದ ಗೋರಿಗಳು ಕೆಳಗಣ ನೆಲಮಾಳಿಗೆಯಲ್ಲಿವೆ. ಅಲ್ಲಿ ಸುಲ್ತಾನನೊಡನೆ ಅವನ ಹೆಂಡಿರು, ಮಗಳು, ಮೊಮ್ಮಗ ಹಾಗೂ ರಂಭೆ ಮಲಗಿದ್ದಾರೆ. ನರ್ತಕಿಯೊಬ್ಬಳಿಗೆ ದೊರೆಯ ಪಕ್ಕದಲ್ಲಿ, ರಾಣಿಯರ ಸಾಲಿನಲ್ಲಿ ಸ್ಥಾನ ದೊರೆತುದು ವಿಚಾರಯೋಗ್ಯವಾದ ಸಂಗತಿ. ಅದನ್ನು ವಿಚಾರಿಸುವ ಬದಲು, ಪ್ರೇಮವನ್ನು ಪರೀಕ್ಷಿಸಲು ದೊರೆಯು ಸವಾಲೆಸೆದನೆಂದೂ ಅವಳು ಕೆಳಕ್ಕೆ ಹಾರಿದಳೆಂದೂ ಕಥೆ ಹೇಳಿ ಮುಗಿಸುವುದು ಸುಲಭ. ಮಾರ್ಗದರ್ಶಿಗಳಿಗೆ ಅದು ಜೀವನೋಪಾಯ. ಅವರ ಮೇಲೆ ನನಗೆ ಮುನಿಸಿಲ್ಲ. ಆದರೆ ಇದೇ ದೊರೆಯ ರಾಣಿಯೂ ಗೋಲ್ಕೊಂಡದ ರಾಜಕುಮಾರಿಯೂ ಆದ ಖದೀಜಾ ಸುಲ್ತಾನಳು ಕವಿ ರುಸ್ತುಮಿಯಿಂದ 'ಖಾವರ್ ನಾಮಾ' ಎಂಬ ದಖನಿ ಕಾವ್ಯವನ್ನು ಬರೆಯಿಸಿದವಳು. ಧುಮುಕಿದ ಹೆಣ್ಣಿನ ಕಥೆಯನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಬರೆಯಿಸಿದ ಹೆಣ್ಣಿನ ಹೆಸರು ಗೊತ್ತಿರುವುದಿಲ್ಲ.

ಮರುದನಿಯ ವಿಷಯದಲ್ಲಿ ಹೆಚ್ಚು ಬರೆಯಬೇಕಾಗಿಲ್ಲ. ಏಳು ಸಲ ಎಂಬುದು ಒಂದು ಎಣಿಕೆ. ಹತ್ತಕ್ಕೂ ಹೆಚ್ಚು ಎಣಿಸಿದವರಿದ್ದಾರೆ. ಅದು ಕೂಗಿದವನ ಗಂಟಲನ್ನೂ ಜೊತೆಯವರ ಮೌನವನ್ನೂ ಅವಲಂಬಿಸಿರುತ್ತದೆ, ಮತ್ತು ಶಾಲೆಯ ಮಕ್ಕಳ ಪ್ರವಾಸದ ದಿನಗಳಲ್ಲಿ ಆ ಎರಡನೆಯದು ದೊರೆಯುವುದು ದುರ್ಲಭ. ಪಿಸುಮಾತು ದುಂಡನೆಯ ಗೋಡೆಯನ್ನು ಅನುಸರಿಸಿ ಎದುರು ಬದಿಯನ್ನು ಸೇರುವ ಕ್ರಮವನ್ನು ಲಂಡನ್ನಿನ ಸೇಂಟ್ ಪಾಲ್ ಇಗರ್ಜಿಯ ಸಂಬಂಧದಲ್ಲಿ ಮೊದಲು ಲಾರ್ಡ್ ರಾಲೆಯೂ, 1921ರ ಸುಮಾರಿನಲ್ಲಿ ನಮ್ಮ ಸಿ.ವಿ. ರಾಮನ್ನರೂ ಶಾಸ್ತ್ರೀಯವಾಗಿ ಪರಿಶೀಲಿಸಿದ್ದಾರೆ. ಭೌತವಿಜ್ಞಾನಕ್ಕೆ ಅದು ಒಳ್ಳೆಯ ಪಾಠ. ಆದರೆ ಸಮಾಧಿಯನ್ನು ಕಟ್ಟಿದವರು ಜನರು ಬಂದು ಕೂಗಲೆಂದು ಮೊಗಸಾಲೆಯನ್ನು ರಚಿಸಿದರೆಂದು ನಂಬುವುದು ಕಷ್ಟ. ಭಾರವನ್ನು ಒಳಕ್ಕೆ ಸರಿಸಲು ಮಾಡಿದ ಉಪಾಯದಿಂದ ಮೊಗಸಾಲೆಯು ತಾನಾಗಿ ಒದಗಿತು. ನಾದವು ಅದರ ಬೆನ್ನಿಗೆ ಬಂದಿತು. ಪರಿಣಾಮವನ್ನೇ ಉದ್ದೇಶವೆಂದು ತಿಳಿದುದು ಇಲ್ಲಿಯ ಅರ್ಧಸತ್ಯ.

ಕಡೆಯದಾಗಿ ಸೌಂದರ್ಯದ ಪ್ರಶ್ನೆ. ಈ ಕಟ್ಟಡದ ಹೊರಭಾಗವು ಒಳಭಾಗಕ್ಕೆ ಸಮನಲ್ಲವೆಂಬುದನ್ನು ಮರೆಮಾಚುವುದರಿಂದ ಲಾಭವಿಲ್ಲ. 47.5 ಮೀಟರು ಬದಿಯುಳ್ಳ ಘನಾಕಾರದ ಮೇಲೆ ಅರ್ಧಗೋಳವನ್ನು ಇಟ್ಟ ರೂಪವು ದೂರದಿಂದ ಗಂಭೀರವಾಗಿ ಕಾಣುತ್ತದೆ. ಹತ್ತಿರ ಬಂದಂತೆ ಗೋಡೆಗಳು ಬೋಳೆನಿಸುತ್ತವೆ. ನಾಲ್ಕು ಮೂಲೆಗಳಲ್ಲಿ ಏಳೇಳು ಅಂತಸ್ತಿನ ಅಷ್ಟಕೋನದ ಗೋಪುರಗಳಿವೆ. ಒಳಗೆ ಮೆಟ್ಟಿಲುಗಳಿರುವ ಇವು ಗುಮ್ಮಟದ ಮುಂದೆ ಕೃಶವಾಗಿ ತೋರುತ್ತವೆ. ಭಾರಿಯಾದ ಚಾಚುಸೂರೂ ಗುಮ್ಮಟದ ಬುಡವನ್ನು ಸುತ್ತುವರಿದ ಕಮಲದ ಎಸಳುಗಳೂ ಮಾತ್ರ ಕಣ್ಣಿಗೆ ತಂಪು. ಇಬ್ರಾಹಿಂ ರೋಜಾದ ಹೊರಗೆ ಅರ್ಧ ದಿನ ನಿಲ್ಲಬಹುದು. ಇಲ್ಲಿ ಹೊರಗೆ ನಿಲ್ಲುವಂತಿಲ್ಲ. ಒಳಗೆ ಹೋದ ಮೇಲೆ ತೀರ್ಪು ಬದಲಾಗುತ್ತದೆ. ಕಮಾನುಗಳು ಗೋಡೆಯನ್ನು ಬಿಟ್ಟು ಮೇಲೇರಿ ಒಂದನ್ನೊಂದು ಕತ್ತರಿಸುವ ಎತ್ತರದಲ್ಲಿ ಕಣ್ಣು ನಿಂತಾಗ, ಇಲ್ಲಿ ಅಲಂಕಾರವಿಲ್ಲವೆಂಬ ಕೊರತೆಯೇ ತೋರುವುದಿಲ್ಲ. ಗಿಲಾವು ಮುಗಿಯದಿದ್ದುದು ನಮ್ಮ ಭಾಗ್ಯವೆಂದೇ ನಾನು ಭಾವಿಸುತ್ತೇನೆ. ಬಣ್ಣವೂ ಬಂಗಾರವೂ ಬಂದಿದ್ದರೆ, ಜಾಮಿ ಮಸೀದಿಯ ಮಿಹ್ರಾಬಿನ ಮುಂದೆ ಆಗುವಂತೆ, ನೋಡುವವರು ಹೊದಿಕೆಯನ್ನು ಮೆಚ್ಚಿ ಮೈಯನ್ನು ಮರೆಯುತ್ತಿದ್ದರು.

ಮುಗಿಯದಿರುವುದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಮಹಮ್ಮದನು ತೀರಿಕೊಂಡ ಮರುವರ್ಷವೇ ದಖ್ಖನಿನ ಸುಬೇದಾರನಾಗಿದ್ದ ಔರಂಗಜೇಬನು ಬೀದರನ್ನೂ ಕಲ್ಯಾಣವನ್ನೂ ಹಿಡಿದನು. ಪಶ್ಚಿಮದಲ್ಲಿ ಶಿವಾಜಿಯ ಬಲವು ಬೆಳೆಯಿತು. 1659ರಲ್ಲಿ ಅಫಜಲಖಾನನು ಪ್ರತಾಪಗಡದ ಬಳಿ ಹತನಾದನು. 2ನೆಯ ಅಲಿ ಆದಿಲಶಾಹನಿಗೆ ತಂದೆಯ ಸಮಾಧಿಯ ಗಿಲಾವಿಗಿಂತ ತುರ್ತಿನ ಕೆಲಸಗಳಿದ್ದವು. ಅವನು ತನಗಾಗಿ ಹೂಡಿದ ಸಮಾಧಿಯು ಬರಿಯ ಕಮಾನುಗಳಾಗಿ ಬಾರಾ ಕಮಾನ್ ಎಂಬ ಹೆಸರಿನಿಂದ ನಿಂತಿದೆ. ಅದರ ನೆರಳು ಗೋಳಗುಮ್ಮಟದ ಮೇಲೆ ಬೀಳಬೇಕೆಂದು ಅವನು ಬಯಸಿದ್ದನೆಂಬ ಕಥೆಯೊಂದುಂಟು. ಎರಡರ ನಡುವೆ ಅರ್ಧ ಊರೇ ಇರುವುದರಿಂದ ಸೂರ್ಯನೂ ಒಪ್ಪುವ ಕಥೆಯಲ್ಲ ಅದು. ತಂದೆಯನ್ನು ಮೀರಿಸಲು ಹೊರಟ ಮಗನ ಕಥೆಯು ಇಲ್ಲಿ ಇನ್ನೊಂದು ತಲೆಮಾರಿಗೆ ವರ್ಗವಾಗಿದೆ. 1686ರ ಸೆಪ್ಟೆಂಬರಿನಲ್ಲಿ ಸಿಕಂದರ ಆದಿಲಶಾಹನು ಔರಂಗಜೇಬನಿಗೆ ಶರಣಾದುದರೊಂದಿಗೆ ರಾಜ್ಯವೂ ಕಟ್ಟಡಗಳ ಪರಂಪರೆಯೂ ಮುಗಿದವು. ಗುಮ್ಮಟದ ಮುಂದಣ ನಗಾರಖಾನೆಯಲ್ಲಿ 1892ರಲ್ಲಿ ವಸ್ತುಸಂಗ್ರಹಾಲಯವು ಏರ್ಪಟ್ಟಿತು. ದಖ್ಖನಿನ ಸುಲ್ತಾನರ ಸ್ಮಾರಕಗಳೊಂದಿಗೆ ಈ ಕಟ್ಟಡವೂ 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯನ್ನು ಸೇರಿತು.

ವಿದ್ಯಾರ್ಥಿಗಳನ್ನು ಬಿಜಾಪುರಕ್ಕೆ ಕರೆದೊಯ್ಯುವ ಅಧ್ಯಾಪಕರಿಗೆ ಒಂದು ಸೂಚನೆ. ರೈಲುನಿಲ್ದಾಣದಿಂದ ಗೋಳಗುಮ್ಮಟವೇ ಹತ್ತಿರವಾದುದರಿಂದ ಎಲ್ಲರೂ ಅಲ್ಲಿಂದಲೇ ಪ್ರಾರಂಭಿಸುತ್ತಾರೆ. ಮೊದಲು ಜಾಮಿ ಮಸೀದಿಗೆ ಹೋಗಿ, ಮಿಹ್ರಾಬಿನ ಬಂಗಾರಕ್ಕೆ ಬೆನ್ನು ಹಾಕಿ, ತಲೆಯೆತ್ತಿ ಗುಮ್ಮಟದ ಕೆಳಗಣ ಕಮಾನುಗಳ ರೇಖೆಯನ್ನು ಟಿಪ್ಪಣಿಯ ಪುಸ್ತಕದಲ್ಲಿ ಬರೆದುಕೊಳ್ಳುವಂತೆ ಮಾಡಬೇಕು. ಅನಂತರ ಇಬ್ರಾಹಿಂ ರೋಜಾದ ಸಮತಲದ ಮಾಳಿಗೆ. ಗೋಳಗುಮ್ಮಟವು ಸಂಜೆಗೆ ಇರಲಿ. ಆ ಹೊತ್ತಿಗೆ ಕೈಯಲ್ಲಿ ಎರಡು ನಕ್ಷೆಗಳಿರುತ್ತವೆ, ಕೂಗುವವರ ಗದ್ದಲವೂ ಸ್ವಲ್ಪ ಇಳಿದಿರುತ್ತದೆ.